ಸುಟ್ಟ ಎಣ್ಣೆಗೆ ತೆರಿಗೆಯೋ, ಸವೆಸಿದ ದಾರಿಗೆ ತೆರಿಗೆಯೋ?

ವಾಹನದಲ್ಲಿ ಓಡಾಡುವವರಿಂದ ತೆರಿಗೆಯನ್ನು ಯಾವ ಅಳತೆಯಲ್ಲಿ ವಸೂಲು ಮಾಡಬೇಕು ಎಂಬ ಪ್ರಶ್ನೆ ಜಗತ್ತಿನ ಹಲವು ಸರಕಾರಗಳನ್ನು ಇಂದು ಕಾಡುತ್ತಿದೆ. ಸುಮಾರು ನೂರು ವರ್ಷಗಳಿಂದ ಇದಕ್ಕೆ ಇದ್ದ ಉತ್ತರ ಸರಳವಾದದ್ದು: ಕೊಂಡ ಪ್ರತಿ ಲೀಟರ್ ಎಣ್ಣೆಯ ಬೆಲೆಯಲ್ಲೇ ತೆರಿಗೆಯನ್ನು ಸೇರಿಸಿಬಿಡುವುದು. ಅಮೆರಿಕದ ಓರೆಗಾನ್ ರಾಜ್ಯವು 1919ರಲ್ಲಿ ಈ ಪದ್ಧತಿಗೆ ನಾಂದಿ ಹಾಡಿತು. ಅದೇ ಓರೆಗಾನ್ 2015ರಲ್ಲಿ, ಎಣ್ಣೆಗಲ್ಲ, ಓಡಿದ ಮೈಲಿಗೆ ತೆರಿಗೆ ಎಂಬ ಹೊಸ ಪ್ರಯೋಗವನ್ನು ಆರಂಭಿಸಿತು. ವಾಹನಗಳು ಕಡಿಮೆ ಎಣ್ಣೆ ಕುಡಿಯತೊಡಗಿದಂತೆ, ವಿದ್ಯುತ್ ವಾಹನಗಳು ರಸ್ತೆಗೆ ಇಳಿದಂತೆ, ಎಣ್ಣೆಯ ತೆರಿಗೆಯನ್ನು ನಂಬಿದ ಖಜಾನೆಗಳು ಸೊರಗುತ್ತವೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ಇದು ದೂರದೇಶದ ಸುದ್ದಿ, ನಮಗೇಕೆ ಎಂದು ಯಾರೂ ಭಾವಿಸಬಾರದು. ಕೇಂದ್ರ ಸರಕಾರವು 2024ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಾವಳಿಗೆ ತಿದ್ದುಪಡಿ ತಂದು, ಉಪಗ್ರಹದ ನೆರವಿನಿಂದ ವಾಹನವು ಓಡಿದ ದೂರವನ್ನು ಅಳೆದು ಶುಲ್ಕ ವಿಧಿಸಲು ಅವಕಾಶ ಮಾಡಿಕೊಂಡಿತು. ಅಂತಹ ಉಪಕರಣವಿರುವ ವಾಹನಕ್ಕೆ ದಿನಕ್ಕೆ ಒಂದು ದಿಕ್ಕಿನಲ್ಲಿ ಮೊದಲ 20 ಕಿಲೋಮೀಟರ್ ಉಚಿತ, ಆನಂತರದ ದೂರಕ್ಕೆ ಶುಲ್ಕ ಎಂದು ಆ ನಿಯಮ ಹೇಳುತ್ತದೆ. ನಮ್ಮದೇ ರಾಜ್ಯದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಪ್ರಾಯೋಗಿಕ ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿತ್ತು. 2025ರ ಏಪ್ರಿಲ್‌ನಲ್ಲಿ, ದೇಶದಾದ್ಯಂತ ಉಪಗ್ರಹ ಟೋಲ್ ಜಾರಿಗೊಳಿಸುವ ನಿರ್ಧಾರವಾಗಿಲ್ಲ ಎಂದು ಸಚಿವಾಲಯ ಸ್ಪಷ್ಟೀಕರಣ ನೀಡಿತಾದರೂ, ಬಾಗಿಲು ತೆರೆದೇ ಇದೆ. ಆ ಬಾಗಿಲಿನಿಂದ ಯಾರು ಒಳಬರುತ್ತಾರೆ, ಯಾರ ಜೇಬಿಗೆ ಕೈ ಹಾಕುತ್ತಾರೆ ಎಂಬುದನ್ನು ಮೊದಲೇ ಚರ್ಚಿಸುವುದು ಜಾಣತನ.

ಈ ಪ್ರಶ್ನೆಯನ್ನು ಮಹಾನಗರದ ಕಣ್ಣಿನಿಂದ ನೋಡುವ ಬದಲು ಮಂಠಾಳದಂತಹ ಊರಿನಿಂದ ನೋಡೋಣ. ಬಸವಕಲ್ಯಾಣ ತಾಲೂಕಿನ ಈ ಹೋಬಳಿ ಕೇಂದ್ರದಲ್ಲಿ ವಾಸಿಸುವವರಿಗೆ ಪ್ರಯಾಣ ಎನ್ನುವುದು ವಿಹಾರವಲ್ಲ. ತಾಲೂಕು ಕಚೇರಿ ಬಸವಕಲ್ಯಾಣದಲ್ಲಿ, ಜಿಲ್ಲಾಸ್ಪತ್ರೆ ಬೀದರಿನಲ್ಲಿ. ಹುಮನಾಬಾದಿಗೆ ಹೋಗಬೇಕು, ಕಲಬುರಗಿಗೆ ಹೋಗಬೇಕು. ರೋಗ ಬಲವಾದರೆ ಸೊಲ್ಲಾಪುರ ಅಥವಾ ಹೈದರಾಬಾದಿನ ದಾರಿ ಹಿಡಿಯಬೇಕು. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಬೈಕಿನಲ್ಲಿ ತಿರುಗುವವನು, ಹಣ್ಣಿನ ಟಂಟಂ ಓಡಿಸುವವನು, ಸಾಲ ಮಾಡಿ ಹಳೆಯ ಲಾರಿ ಕೊಂಡು ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಬದುಕು ಸವೆಸುವವನು, ಆ ಲಾರಿಯ ಕ್ಲೀನರ್, ಅದನ್ನು ರಿಪೇರಿ ಮಾಡುವ ಮೇಸ್ತ್ರಿ ಇವರೆಲ್ಲ ನಮ್ಮ ಮೊಹಲ್ಲಾಗಳ ಮಂದಿ. ದೂರವೇ ಇವರ ದುಡಿಮೆ. ಆದ್ದರಿಂದ ದೂರಕ್ಕೆ ತೆರಿಗೆ ಎಂದಾಗ ಮೊದಲು ಬೆಚ್ಚಬೇಕಾದವರೂ ಇವರೇ.

ಹಾಗಾದರೆ ಈಗಿನ ವ್ಯವಸ್ಥೆ ನ್ಯಾಯಯುತವೇ? ಅದನ್ನೂ ಪರಿಶೀಲಿಸೋಣ. 2020ರ ಮೇ ತಿಂಗಳಲ್ಲಿ, ಜನರು ಲಾಕ್‌ಡೌನ್‌ನಿಂದ ಕಂಗಾಲಾಗಿದ್ದ ಹೊತ್ತಿನಲ್ಲಿ, ಪೆಟ್ರೋಲಿನ ಮೇಲಿನ ಕೇಂದ್ರದ ಸುಂಕವು ಲೀಟರಿಗೆ 32.98 ರೂಪಾಯಿಗೂ ಡೀಸೆಲ್‌ನ ಮೇಲಿನದ್ದು 31.83 ರೂಪಾಯಿಗೂ ಏರಿತು. ಕಚ್ಚಾತೈಲದ ಬೆಲೆ ಜಗತ್ತಿನಲ್ಲಿ ಪಾತಾಳಕ್ಕಿಳಿದಿದ್ದರೂ ಅದರ ಲಾಭ ಗ್ರಾಹಕನಿಗೆ ತಲುಪಲಿಲ್ಲ. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಸುಂಕವನ್ನು ಇಳಿಸಿ, ಕ್ರಮವಾಗಿ 19.90 ಮತ್ತು 15.80 ರೂಪಾಯಿಗೆ ತರಲಾಯಿತು. 2025ರ ಏಪ್ರಿಲ್‌ನಲ್ಲಿ ಪುನಃ ಎರಡೆರಡು ರೂಪಾಯಿ ಏರಿಸಲಾಯಿತು. ರಾಜ್ಯ ಸರಕಾರವೂ ಹಿಂದೆ ಬೀಳಲಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ತೆರಿಗೆಯನ್ನು ಅದೇ ದಿನ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿಸಿ ಶೇ. 21.17ಕ್ಕೆ ಮುಟ್ಟಿಸಿತು. ದಿಲ್ಲಿಯವರು ಬೆಂಗಳೂರಿನವರನ್ನು ದೂರುತ್ತಾರೆ, ಬೆಂಗಳೂರಿನವರು ದಿಲ್ಲಿಯತ್ತ ಬೆರಳು ತೋರಿಸುತ್ತಾರೆ. ಪಂಪಿನ ಮುಂದೆ ನಿಂತವನಿಗೆ ಎರಡೂ ಕೈಗಳು ಒಂದೇ ಜೇಬಿನಲ್ಲಿ ಕಾಣಿಸುತ್ತವೆ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. 2022ರ ಮೇ ತಿಂಗಳ ಇಳಿಕೆಯ ಬಳಿಕ ಪೆಟ್ರೋಲಿನ ಮೇಲಿದ್ದ 19.90 ರೂಪಾಯಿಯಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ ಕೇವಲ 1.40 ರೂಪಾಯಿ. ಉಳಿದುದೆಲ್ಲ ಸೆಸ್ ಮತ್ತು ವಿಶೇಷ ಸುಂಕ. ಅದರಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಅಂದರೆ ಮಂಠಾಳದ ಬೈಕ್ ಸವಾರನು ತೆತ್ತ ಪ್ರತಿ ರೂಪಾಯಿಯಲ್ಲಿ ಸುಮಾರು 7 ಪೈಸೆ ಮಾತ್ರ ಹಂಚಿಕೆಯ ಬುಟ್ಟಿಗೆ ಬೀಳುತ್ತಿತ್ತು. ರಸ್ತೆಯ ಹೆಸರಿನಲ್ಲೇ ಸೆಸ್ ವಸೂಲಾಗುತ್ತದೆ, ಹೆದ್ದಾರಿಯಲ್ಲಿ ಅದರ ಮೇಲೆ ಟೋಲ್ ಬೇರೆ. ಹಳ್ಳಿಯ ರಸ್ತೆಯ ಗುಂಡಿ ಮಾತ್ರ ಹಾಗೆಯೇ ಇರುತ್ತದೆ.

ಎಣ್ಣೆಯ ತೆರಿಗೆಗೆ ಇನ್ನೂ ಒಂದು ದೋಷವಿದೆ. ಅದು ಎಣ್ಣೆ ಕೊಂಡ ಜಾಗಕ್ಕೆ ಸಲ್ಲುತ್ತದೆಯೇ ಹೊರತು ಚಕ್ರ ಉರುಳಿದ ರಸ್ತೆಗಲ್ಲ. ಮೂರು ರಾಜ್ಯಗಳು ಕೂಡುವ ಬೀದರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಲಾರಿಯವನು ದರ ಕಡಿಮೆ ಇರುವ ಕಡೆ ಟ್ಯಾಂಕ್ ತುಂಬಿಸಿಕೊಂಡು ಪಕ್ಕದ ರಾಜ್ಯದ ರಸ್ತೆ ಸವೆಸುತ್ತಾನೆ. ಮತ್ತೊಂದೆಡೆ, ಹೊಲ ಉಳುವ ಟ್ರ್ಯಾಕ್ಟರ್, ನೀರೆತ್ತುವ ಡೀಸೆಲ್ ಪಂಪು ರಸ್ತೆಯನ್ನೇ ಮುಟ್ಟದಿದ್ದರೂ ರಸ್ತೆಯ ಸೆಸ್ ಕಟ್ಟುತ್ತವೆ. ನ್ಯೂಝಿಲೆಂಡ್ ದೇಶವು ಇದನ್ನು ಮನಗಂಡೇ 1970ರ ದಶಕದ ಕೊನೆಯಲ್ಲಿ ಡೀಸೆಲ್ ವಾಹನಗಳಿಗೆ ದೂರ ಮತ್ತು ತೂಕದ ಆಧಾರದ ಶುಲ್ಕವನ್ನು ತಂದಿತು. ಅಲ್ಲಿ ವಾಹನದ ಮಾಲಕರು ಸಾವಿರ ಕಿಲೋಮೀಟರುಗಳ ಲೆಕ್ಕದಲ್ಲಿ ಮುಂಗಡ ಪರವಾನಿಗೆ ಕೊಳ್ಳುತ್ತಾರೆ. 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳೂ ಇದರ ವ್ಯಾಪ್ತಿಗೆ ಬಂದವು. ಬ್ರಿಟನ್ ಸರಕಾರ ಕೂಡ ವಿದ್ಯುತ್ ಕಾರುಗಳಿಗೆ 2028ರಿಂದ ಮೈಲಿಗೆ 3 ಪೆನ್ಸ್ ತೆರಿಗೆಯನ್ನು 2025ರ ಬಜೆಟ್‌ನಲ್ಲಿ ಪ್ರಕಟಿಸಿತು. ನಮ್ಮ ರಾಜ್ಯವು 2016ರಿಂದ ವಿದ್ಯುತ್ ವಾಹನಗಳಿಗೆ ತೆರಿಗೆ ವಿನಾಯಿತಿ ನೀಡಿ, 2024ರಲ್ಲಿ 25 ಲಕ್ಷ ರೂಪಾಯಿಗೂ ಮೀರಿದ ವಿದ್ಯುತ್ ಕಾರುಗಳ ಮೇಲೆ ಮಾತ್ರ ಶೇ. 10 ಜೀವಿತಾವಧಿ ತೆರಿಗೆ ಹಾಕಿತು. ಶ್ರೀಮಂತನ ದುಬಾರಿ ಕಾರು ರಸ್ತೆಗೆ ಕಾಸು ಕೊಡದೆ ಸಾಗುವಾಗ ಬಡವನ ಹಳೆಯ ಬೈಕು ಹನಿಹನಿಗೂ ತೆರಿಗೆ ಕಟ್ಟುವುದು ಸರಿಯೇ ಎಂಬ ವಾದದಲ್ಲಿ ಹುರುಳಿದೆ.

ಆದರೆ ಇಲ್ಲಿಂದ ನೇರವಾಗಿ ಕಿಲೋಮೀಟರ್ ತೆರಿಗೆಗೆ ಜೈಕಾರ ಹಾಕುವುದು ಅವಸರವಾದೀತು. ಎಣ್ಣೆಯ ತೆರಿಗೆಯಲ್ಲಿ ದೋಷಗಳ ನಡುವೆ ಒಂದು ಗುಣವೂ ಅಡಗಿದೆ. 2025ರ ಏಪ್ರಿಲ್‌ನ ಏರಿಕೆಯ ಬಳಿಕದ ಕೇಂದ್ರ ಸುಂಕವನ್ನೇ, ಅಂದರೆ 21.90 ರೂಪಾಯಿಯನ್ನೇ ತೆಗೆದುಕೊಳ್ಳೋಣ. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿನ ಸವಾರನು ಕಿಲೋಮೀಟರಿಗೆ ಸುಮಾರು 44 ಪೈಸೆ ಕಟ್ಟಿದರೆ, 15 ಕಿಲೋಮೀಟರ್ ಓಡುವ ಕಾರಿನವರು 1.46 ರೂಪಾಯಿ ಕಟ್ಟುತ್ತಾರೆ. ಎಲ್ಲರಿಗೂ ಕಿಲೋಮೀಟರಿಗೆ ಒಂದೇ ದರ ಎಂದು ನಿಗದಿಯಾದರೆ ಈ ವ್ಯತ್ಯಾಸ ಅಳಿಸಿಹೋಗಿ ಕಾರಿನವರ ಹೊರೆ ಬೈಕಿನವನ ಹೆಗಲಿಗೆ ಬೀಳುತ್ತದೆ. ಎಣ್ಣೆ ಉಳಿಸಬೇಕೆಂಬ ಕಾಳಜಿಯೂ ಮಾಯವಾಗುತ್ತದೆ. ಮೇಲಾಗಿ ಎಣ್ಣೆಯ ತೆರಿಗೆಯನ್ನು ವಸೂಲು ಮಾಡುವುದು ಸುಲಭ. ಕೋಟ್ಯಂತರ ವಾಹನಗಳ ದೂರವನ್ನು ಅಳೆಯಲು ಯಂತ್ರ ಬೇಕು, ಗುತ್ತಿಗೆದಾರರು ಬೇಕು, ತನಿಖೆಯವರು ಬೇಕು. ತನಿಖೆ ಹೆಚ್ಚಿದಲ್ಲೆಲ್ಲ ಲಂಚದ ಕೈಯೂ ಉದ್ದವಾಗುತ್ತದೆ ಎಂಬುದು ರಸ್ತೆಯಲ್ಲಿ ದುಡಿಯುವವರ ಅನುಭವ.

ಹಾಗಿದ್ದರೆ ನ್ಯಾಯದ ಅಳತೆಗೋಲು ಯಾವುದು? ನಮ್ಮ ಭಾಗದ ಆಡುಮಾತಿನಲ್ಲೇ ಅದರ ಸುಳಿವಿದೆ. ಊರಿನ ಬಾಗಿಲಲ್ಲಿ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಸುಂಕಕ್ಕೆ ಜನರು ಜಕಾತಿ ಎನ್ನುತ್ತಿದ್ದರು. ಝಕಾತ್ ಎಂಬ ಅರಬೀ ಪದದಿಂದಲೇ ಬಂದ ಮಾತು ಅದು. ಹೆಸರು ಉಳಿಯಿತು, ಅರ್ಥ ತಲೆಕೆಳಗಾಯಿತು! ಝಕಾತ್ ಉಳ್ಳವನಿಂದ ಪಡೆದು ಇಲ್ಲದವನಿಗೆ ಕೊಡುವಂಥದ್ದು. ನಿಗದಿತ ಮಿತಿಗಿಂತ ಕಡಿಮೆ ಸಂಪತ್ತುಳ್ಳವನಿಗೆ ಅದು ಅನ್ವಯಿಸುವುದೇ ಇಲ್ಲ. ಜಕಾತಿಯಾದರೋ ಬಂಡಿಯಲ್ಲಿರುವವನ ಸ್ಥಿತಿಗತಿ ಕೇಳದೆ ಎಲ್ಲ ಬಂಡಿಗಳನ್ನೂ ನಿಲ್ಲಿಸುತ್ತಿತ್ತು. ಕರ್ನಾಟಕವು 1979ರಲ್ಲಿ ಜಕಾತಿಯನ್ನು ರದ್ದುಪಡಿಸಿದಾಗ ವ್ಯಾಪಾರಿಗಳು ನಿಟ್ಟುಸಿರು ಬಿಟ್ಟರು. ಈಗ ಆಕಾಶದಲ್ಲಿ ಹೊಸ ಜಕಾತಿ ನಾಕಾ ಕಟ್ಟುವುದಾದರೆ, ಅದು ಹಳೆಯ ಜಕಾತಿಯ ದಾರಿ ಹಿಡಿಯದೆ ಕೊಡುವವನ ಶಕ್ತಿಯನ್ನು ನೋಡುವಂತಿರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಮೊದಲನೆಯದಾಗಿ, ಎರಡೆರಡು ತೆರಿಗೆ ಕೂಡದು. ದೂರದ ಶುಲ್ಕ ಬಂದ ದಿನವೇ ಎಣ್ಣೆಯ ಮೇಲಿನ ರಸ್ತೆ ಸೆಸ್ ಅಷ್ಟರಮಟ್ಟಿಗೆ ಇಳಿಯಬೇಕು, ಅದು ಭಾಷಣದಲ್ಲಲ್ಲ, ಕಾನೂನಿನಲ್ಲಿ ಬರೆದಿರಬೇಕು.

ಎರಡನೆಯದಾಗಿ, ದರ ನಿಗದಿಯಾಗಬೇಕಾದದ್ದು ದೂರದಿಂದ ಮಾತ್ರವಲ್ಲ, ತೂಕದಿಂದ ಕೂಡ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಂಡುಕೊಂಡಂತೆ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ರಸ್ತೆ ಹಾಳುಮಾಡುವುದು ಸಂತೆಗೆ ಹೋಗುವ ಬೈಕಲ್ಲ, ಮಿತಿ ಮೀರಿ ಹೇರಿದ ಸರಕು. ಆ ಹೇರಿಕೆಯಿಂದ ಲಾಭ ಪಡೆಯುವವರು ಸ್ಟಿಯರಿಂಗ್ ಹಿಡಿದವನಲ್ಲ, ಸರಕಿನ ಒಡೆಯರು. ಹೊರೆ ಅವರಿಗೇ ಸಲ್ಲಲಿ. ಹೆದ್ದಾರಿಯ ಟೋಲ್‌ನಲ್ಲಿ ಸಾಮಾನ್ಯವಾಗಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರಿಗೂ ಇರುವ ವಿನಾಯಿತಿ ಮುಂದೆಯೂ ಇರಬೇಕು.

ಮೂರನೆಯದಾಗಿ, ಜನರ ಬಸ್ಸು ಈ ಶುಲ್ಕದಿಂದ ಹೊರಗಿರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಕಾಲೇಜಿಗೆ, ಆಸ್ಪತ್ರೆಗೆ ಕಾಸಿಲ್ಲದೆ ಹೋಗಿಬರುವಂತಾಯಿತು. ಆದರೆ 2025ರ ಜನವರಿಯಲ್ಲಿ ಸಾರಿಗೆ ನಿಗಮಗಳ ದರ ಶೇ. 15ರಷ್ಟು ಏರಿದಾಗ ಅದರ ಬಿಸಿ ಮನೆಯ ಗಂಡಸರಿಗೆ ತಟ್ಟಿತು. ಬಸ್ಸಿನ ಮೇಲೆ ಹಾಕುವ ಪ್ರತಿ ಪೈಸೆಯೂ ಕೊನೆಗೆ ಬಡವನ ಟಿಕೆಟ್ಟಿಗೇ ಬಂದು ಕೂರುತ್ತದೆ.

ನಾಲ್ಕನೆಯದು ಮತ್ತು ಅತ್ಯಂತ ಮುಖ್ಯವಾದದ್ದು: ದೂರ ಅಳೆಯುವ ನೆಪದಲ್ಲಿ ದಾರಿ ಅಳೆಯಬಾರದು. ಎಣ್ಣೆಯ ತೆರಿಗೆಗೆ ನೀವು ಎಲ್ಲಿಗೆ ಹೋದಿರಿ ಎಂದು ಗೊತ್ತಿರುವುದಿಲ್ಲ. ಉಪಗ್ರಹಕ್ಕೆ ಗೊತ್ತಿರುತ್ತದೆ. ಯಾವ ಮಸೀದಿಯ ಮುಂದೆ ಗಾಡಿ ನಿಂತಿತು, ಯಾವ ಸಭೆಗೆ ಹೋಯಿತು, ರಾತ್ರಿ ಯಾರ ಮನೆಯಲ್ಲಿ ತಂಗಿತು ಎಂಬ ದಾಖಲೆ ಸರಕಾರದ ಕಂಪ್ಯೂಟರಿನಲ್ಲಿ ಕೂತರೆ ಅದು ಯಾವ ದಿನ, ಯಾರ ಕೈಯಲ್ಲಿ ಆಯುಧವಾದೀತು? ಶಂಕೆಯ ದೃಷ್ಟಿಗೆ ಪದೇಪದೇ ಗುರಿಯಾಗುವ ಸಮುದಾಯಗಳಿಗೆ ಈ ಪ್ರಶ್ನೆ ಕಾಲ್ಪನಿಕವಲ್ಲ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆಯು ಸರಕಾರದ ಸಂಸ್ಥೆಗಳಿಗೆ ವಿನಾಯಿತಿಯ ಹೆಬ್ಬಾಗಿಲನ್ನೇ ತೆರೆದಿಟ್ಟಿದೆ. ದೂರ ತಿಳಿಯಲು ಉಪಗ್ರಹವೇ ಬೇಕೆಂದಿಲ್ಲ. ವಾಹನದ ಮೀಟರನ್ನು ವರ್ಷಕ್ಕೊಮ್ಮೆ ಓದಿದರೂ ಸಾಕು. ಓರೆಗಾನಿನಲ್ಲಿ ಸ್ಥಳ ದಾಖಲಿಸದ ಸಾಧನವನ್ನು ಆರಿಸಿಕೊಳ್ಳುವ ಅವಕಾಶವನ್ನು ಸವಾರರಿಗೇ ಬಿಡಲಾಗಿದೆ. ಅಲ್ಲಿ ಸಾಧ್ಯವಾದುದು ಇಲ್ಲಿ ಏಕಾಗದು?

ಕೊನೆಯದಾಗಿ, ವಸೂಲಾದ ಹಣ ಎಲ್ಲಿಗೆ ಹೋಗುತ್ತದೆ? ಚಕ್ರ ಉರುಳಿದ ರಸ್ತೆಗೆ ಶುಲ್ಕ ಎಂದ ಮೇಲೆ ಅದು ಆ ರಸ್ತೆಗೇ ಮರಳಬೇಕು. ಮಂಠಾಳದಿಂದ ಬಸವಕಲ್ಯಾಣದವರೆಗೆ ಓಡಿದ್ದಕ್ಕೆ ಕಟ್ಟಿದ ಹಣದಿಂದ ದೂರದ ಮಹಾನಗರದಲ್ಲಿ ಮೇಲ್ಸೇತುವೆ ಎದ್ದರೆ ಅದನ್ನು ಶುಲ್ಕ ಎನ್ನಲಾಗದು. ಜಿಲ್ಲಾವಾರು ಲೆಕ್ಕ ಬಹಿರಂಗವಾಗಲಿ, ಅದರ ಪಾಲು ಹಂಚಿಕೆಯ ಬುಟ್ಟಿಗೆ ಬೀಳಲಿ, ಸೆಸ್ಸಿನ ಹೆಸರಿನಲ್ಲಿ ಮರೆಯಾಗದಿರಲಿ.

ತೆರಿಗೆ ಎಂದರೆ ಪತ್ರಿಕೆಯ ವಾಣಿಜ್ಯ ಪುಟದ ವಿಷಯ, ನಮಗೇನು ಎಂಬ ಔದಾಸೀನ್ಯ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಭಾವನೆ ಕೆರಳಿಸುವ ವಿಷಯಗಳಿಗೆ ಬೀದಿಗಿಳಿಯುವ ನಾವು, ದಿನವೂ ಜೇಬು ಹಗುರ ಮಾಡುವ ಕಾನೂನಿನ ಕರಡು ಪ್ರಕಟವಾಗಿ ಆಕ್ಷೇಪಣೆ ಆಹ್ವಾನಿಸಿದಾಗ ಒಂದು ಪತ್ರವನ್ನೂ ಬರೆಯುವುದಿಲ್ಲ. ಲಾರಿ ಮಾಲಕರ ಸಂಘ, ಆಟೋ ಚಾಲಕರ ಸಂಘ, ಸಂತೆ ವ್ಯಾಪಾರಿಗಳು, ಜಮಾಅತ್‌ಗಳು ಜಾತಿ ಮತದ ಗಡಿ ದಾಟಿ ಒಟ್ಟಿಗೆ ಕೂತು ಈ ಬೇಡಿಕೆಗಳನ್ನು ಶಾಸಕರ, ಸಂಸದರ ಮುಂದಿಡಬೇಕು. ನಿಯಮ ಗಟ್ಟಿಯಾದ ಮೇಲೆ ಕೂಗುವುದಕ್ಕಿಂತ ಅದು ಹಸಿಯಾಗಿರುವಾಗಲೇ ತಿದ್ದುವುದು ಸುಲಭ. ದೂರದೂರಿನಲ್ಲಿ ಹುಟ್ಟಿದ್ದೇ ಅಪರಾಧವೆಂಬಂತೆ ದಂಡ ಕಟ್ಟಬೇಕಾದ ದಿನ ಬರುವ ಮೊದಲೇ ನಾವು ಬಾಯಿ ತೆರೆಯೋಣ.