ಜೋಗದ ಹುಲ್ಲು ಕೊಲ್ಹಾಪುರ ಸೇರಿದ್ದು

1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಸಂಗ್ರಾಹಕರು ಜೋಗ ಜಲಪಾತದ ತುಂತುರಿನಲ್ಲಿ ತೋಯುತ್ತಿದ್ದ ಬಂಡೆಗಳಿಂದ ತೆಳುವಾದ ಒಂದು ಹುಲ್ಲನ್ನು ಕಿತ್ತು ಒಣಗಿಸಿ ಇಟ್ಟರು. ಅದಕ್ಕೆ ಹೆಸರು ಬಂದದ್ದು ಮೂರು ದಶಕಗಳ ಅನಂತರ. 1951ರಲ್ಲಿ ಹುಲ್ಲುತಜ್ಞ ಬೋರ್ ಅದನ್ನು ಹೊಸ ಕುಲವೆಂದೇ ಗುರುತಿಸಿ 'ಹಬ್ಬಾರ್ಡಿಯ' ಎಂದು ಕರೆದರು. ಅಷ್ಟರಲ್ಲಿ, 1948ರಲ್ಲಿ, ಶರಾವತಿಯ ನೀರು ವಿದ್ಯುದಾಗಾರದ ಕೊಳವೆಗಳಿಗೆ ಇಳಿದಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲಂತೂ ಜೋಗದ ತುಂತುರು ಮಳೆಗಾಲದ ಅತಿಥಿಯಾಯಿತು. ಆಮೇಲೆ ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅದು ಭೂಮಿಯಿಂದಲೇ ಅಳಿಯಿತೆಂದು ಸಸ್ಯಶಾಸ್ತ್ರಜ್ಞರು ಭಾವಿಸಿದರು.

2000ದ ದಶಕದ ಆರಂಭದಲ್ಲಿ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಅದೇ ಹುಲ್ಲು ಮತ್ತೆ ಕಂಡಿತು. ಅವರು ಅದನ್ನು ಕೊಲ್ಹಾಪುರದ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಬೆಳೆಸಿದರು. ಸಂತೋಷದ ಸಂಗತಿಯೇ. ಆದರೆ ಅಲ್ಲಿ ಬೆಳೆದದ್ದು ತಿಲ್ಲಾರಿಯ ಸಂತತಿ. ಜೋಗದ ಬಂಡೆಗೆ ಹೊಂದಿಕೊಂಡಿದ್ದ ಸಂತತಿಯಿಂದ ಉಳಿದದ್ದು ಕಾಗದಕ್ಕೆ ಅಂಟಿಸಿದ ಒಣ ಮಾದರಿ ಮಾತ್ರ. ಜಾತಿ ಉಳಿಯಿತು, ಜೋಗದ ಹುಲ್ಲು ಉಳಿಯಲಿಲ್ಲ. ಸಸ್ಯೋದ್ಯಾನದ ಮಹತ್ವವೂ ಮಿತಿಯೂ ಈ ಒಂದೇ ಉದಾಹರಣೆಯಲ್ಲಿ ಅಡಕವಾಗಿವೆ.

ಅಪಾಯದಲ್ಲಿರುವ ಸಸ್ಯಗಳಲ್ಲಿ ಶೇ. 60ನ್ನಾದರೂ 2010ರೊಳಗೆ ಉದ್ಯಾನ, ಬೀಜಕೋಶಗಳಂಥ ಸಂಗ್ರಹಗಳಲ್ಲಿ, ಸಾಧ್ಯವಾದಷ್ಟೂ ಅವುಗಳ ತವರು ದೇಶದಲ್ಲಿಯೇ, ಕಾಪಿಡಬೇಕೆಂದು ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು 2002ರಲ್ಲಿ ನಿರ್ಧರಿಸಿದವು. ಮುಂದೆ ಈ ಗುರಿ 2020ಕ್ಕೆ ಶೇ. 75 ಎಂದಾಯಿತು. ಜಗತ್ತಿನ ಸಸ್ಯೋದ್ಯಾನಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಸಿಕ್ಕದ್ದು ಸುಮಾರು ಶೇ. 41. ಸಮಶೀತೋಷ್ಣ ವಲಯದ ಗಿಡವೊಂದು ಯಾವುದಾದರೂ ಉದ್ಯಾನದಲ್ಲಿರುವ ಸಂಭವ ಶೇ. 60ರಷ್ಟಿದ್ದರೆ ಉಷ್ಣವಲಯದ ಗಿಡಕ್ಕೆ ಅದು ಶೇ. 25 ಮಾತ್ರವೆಂದೂ ಆ ಅಧ್ಯಯನ ತೋರಿಸಿತು. ಅಂದರೆ, ಗಿಡಗಳು ಹೆಚ್ಚಿರುವಲ್ಲಿ ಉದ್ಯಾನಗಳ ರಕ್ಷಣೆ ಕಡಿಮೆ.

ಈ ಹಿನ್ನಡೆಗೆ ಹಣದ ಕೊರತೆಯೊಂದೇ ಕಾರಣವಲ್ಲ. ರಾಗಿಯನ್ನೋ ಭತ್ತವನ್ನೋ ಒಣಗಿಸಿ, ಶೀತಲ ಕೋಶದಲ್ಲಿಟ್ಟು ದಶಕಗಳ ಬಳಿಕ ಬಿತ್ತಬಹುದು. ರಾಮಪತ್ರೆಯ ಬೀಜಕ್ಕೆ ಅದು ಒಗ್ಗದು. ಒಣಗಿದರೆ ಸಾಯುತ್ತದೆ. ಹಣ್ಣು ಒಡೆದು ಬಿದ್ದ ಕೆಲವೇ ದಿನಗಳಲ್ಲಿ ಹಸಿ ಮಣ್ಣು ಸೇರಬೇಕು. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳ ಬೀಜಗಳ ಸ್ವಭಾವ ಹೀಗೆಯೇ. ಇವನ್ನು ಡಬ್ಬಿಯಲ್ಲಿ ತುಂಬಿಡಲಾಗದು, ಜೀವಂತ ಮರವಾಗಿಯೇ ಸಾಕಬೇಕು. ಮರವೆಂದರೆ ಜಾಗ, ನೀರು, ನೆರಳು, ಮತ್ತು ಎರಡು ತಲೆಮಾರಿನ ತಾಳ್ಮೆ.

ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಉದ್ಯಾನದಲ್ಲಿ 'ಒಂದು ಜಾತಿಗೆ ಒಂದು ಮರ, ಒಂದು ಫಲಕ' ಎಂಬ ಪದ್ಧತಿ ಇಲ್ಲಿ ಕೇವಲ ಅಲಂಕಾರ. ದಕ್ಷಿಣ ಆಫ್ರಿಕದ ಎನ್‌ಗೊಯೆ ಕಾಡಿನಲ್ಲಿ 1895ರಲ್ಲಿ ಸಿಕ್ಕ ವುಡ್ಸ್ ಸೈಕಾಡ್ ಎಂಬ ಗಿಡದ ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸಿಕ್ಕದ್ದು ಒಂದೇ ಗಿಡ, ಅದೂ ಗಂಡು. ಅದರ ಮರಿಗಳು ಇಂದು ಜಗತ್ತಿನ ಹಲವು ಉದ್ಯಾನಗಳಲ್ಲಿ ಸೊಂಪಾಗಿವೆ. ಹೆಣ್ಣು ಈವರೆಗೆ ಪತ್ತೆಯಾಗಿಲ್ಲ. ಒಂದು ಶತಮಾನಕ್ಕೂ ಮಿಕ್ಕ ಆರೈಕೆಯಿಂದ ಆ ಜಾತಿಯದೇ ಒಂದು ಬೀಜವೂ ಹುಟ್ಟಿಲ್ಲ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನತ್ತ ನೋಡೋಣ. ಇಲ್ಲಿನ ರಾಮಪತ್ರೆ ಜೌಗಿನಿಂದ 2000ದಲ್ಲಿ ಗೇರಿನ ಬಳಗದ ಹೊಸ ಮರವೊಂದು ವಿಜ್ಞಾನಕ್ಕೆ ಪರಿಚಯವಾಯಿತು. ಊರಿನ ಹೆಸರೇ ಅದಕ್ಕೆ ಬಂತು, 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು. ಕಾನಿನ ನಡುವೆ ಹಳ್ಳ ನಿಧಾನವಾಗಿ ಹರಿಯುವಲ್ಲಿ ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುವ ಬೇರುಗಳ ನಡುವೆ ಇಂಥ ಮರಗಳು ಬದುಕುತ್ತವೆ. ಆ ಬೇರಿಗೆ ಉಸಿರಾಟದ ಆ ಕೆಸರು ಬೇಕು. ಬೆಂಗಳೂರಿನ ಲಾಲ್‌ಬಾಗಿನ ಕೆಂಪು ಮಣ್ಣಿನಲ್ಲಿ ಅದನ್ನು ಎಲ್ಲಿಂದ ತರುವುದು? ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟದ ಬಗ್ಗೆ ಗೌರವವಿರಲಿ. ಆದರೆ ಜನ ಅಲ್ಲಿಗೆ ಮುಗಿಬೀಳುವುದು ಫಲಪುಷ್ಪ ಪ್ರದರ್ಶನಕ್ಕೆ.

ಹಾಗಾದರೆ ಮಲೆನಾಡಿನ ಮರಗಳಿಗೆ ಮಲೆನಾಡಿನಲ್ಲಿಯೇ ಉದ್ಯಾನ ಬೇಕು. ಕೇರಳದ ಪಾಲೋಡಿನಲ್ಲಿ 1979ರಿಂದ ಕಾಡಿನಂಚಿನಲ್ಲಿಯೇ ದೊಡ್ಡ ಸಸ್ಯೋದ್ಯಾನವಿದೆ. ವಯನಾಡಿನಲ್ಲಿ 1981ರಲ್ಲಿ ವೂಲ್ಫ್‌ಗಾಂಗ್ ಥಿಯರ್‌ಕಾಫ್ ಆರಂಭಿಸಿದ ಗುರುಕುಲ ಸಸ್ಯಧಾಮವನ್ನು ಬೆಳೆಸಿದವರಲ್ಲಿ ಅಲ್ಲಿಯ ಹಳ್ಳಿಯ ಹೆಣ್ಣುಮಕ್ಕಳು ಪ್ರಮುಖರು. ಇಂಥ ಕೆಲಸ ಮಲೆನಾಡಿಗರಿಗೆ ಹೊಸದೂ ಅಲ್ಲ. ಅಘನಾಶಿನಿ, ಶರಾವತಿ ದಂಡೆಯ ಅಪ್ಪೆಮಿಡಿ ಮರಗಳು ಟೊಂಗೆ ಸಮೇತ ಕಡಿತಕ್ಕೆ ಸಿಕ್ಕಿ ಕ್ಷೀಣಿಸಿದಾಗ ಕಸಿ ಕಟ್ಟಿ ಹಿತ್ತಿಲಲ್ಲಿ ಉಳಿಸಿಕೊಂಡವರು ರೈತರೇ. ಅದೂ ಸಸ್ಯಸಂಗ್ರಹವೇ. ಕೊರತೆಯೊಂದಿದೆ: ಕಸಿಗಿಡ ತಾಯಿಮರದ ಪಡಿಯಚ್ಚು. ಉಪ್ಪಿನಕಾಯಿಯ ರುಚಿಗೆ ಅದು ಸಾಕು, ಕಾಡುಮರದ ವಂಶಕ್ಕೆ ಸಾಲದು. ಅಲ್ಲಿ ಹತ್ತಾರು ತಾಯಿಮರಗಳ ಬೀಜ ಬೇಕು. ಯಾವ ಹಳ್ಳದ ಯಾವ ಮರದ್ದು, ಯಾವ ದಿನ ಆಯ್ದದ್ದು ಎಂಬ ಬರಹ ಬೇಕು. ಈ ಬರಹವಿಲ್ಲದ ಗಿಡ ನೆರಳು ಕೊಟ್ಟೀತು, ಕಾಡಿಗೆ ಮರಳಿ ನೆಡಲು ಬಾರದು.

ಜೌಗುಗಳನ್ನು ನುಂಗಿದ್ದರಲ್ಲಿ ಅಡಿಕೆ ತೋಟ, ಗದ್ದೆಗಳ ಪಾಲೂ ಇದೆ. ಇದನ್ನು ಮುಚ್ಚಿಟ್ಟು ಸರಕಾರವನ್ನಷ್ಟೇ ದೂರುವುದು ಸರಿಯಲ್ಲ. ಹಾಗೆಯೇ ಕಾಡು ಕಡಿಯುವ ಯೋಜನಾ ವರದಿಗಳಲ್ಲಿ 'ಅಪರೂಪದ ಸಸ್ಯಗಳನ್ನು ಬೇರೆಡೆ ನೆಟ್ಟು ಬೆಳೆಸಲಾಗುವುದು' ಎಂಬ ಸಾಲು ಕಂಡರೆ ಹಳ್ಳಿಯವರು ಒಪ್ಪಿ ತಲೆಯಾಡಿಸಬಾರದು. ಎಷ್ಟು ತಾಯಿಮರಗಳಿಂದ? ಗಂಡೆಷ್ಟು, ಹೆಣ್ಣೆಷ್ಟು? ಯಾವ ಜೌಗಿನಲ್ಲಿ? ಮೂವತ್ತು ವರ್ಷ ನೀರು ಹಾಯಿಸುವವರು ಯಾರು? ಈ ನಾಲ್ಕು ಪ್ರಶ್ನೆಗಳನ್ನು ಅಹವಾಲು ಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಭೆಗೆ ಮುನ್ನವೇ ತಮ್ಮೂರ ಹಳ್ಳದ ರಾಮಪತ್ರೆ ಮರಗಳನ್ನು ಎಣಿಸಿ, ಹೂಬಿಟ್ಟಾಗ ಗಂಡು ಹೆಣ್ಣು ಗುರುತಿಸಿ ಪಟ್ಟಿಮಾಡುವುದು ಪ್ರೌಢಶಾಲೆಯ ಮಕ್ಕಳಿಗೂ ಅಸಾಧ್ಯವಲ್ಲ.