ಎರಡು ಕೈಗಡಿಯಾರಗಳು

ಕೈಗಡಿಯಾರಗಳಲ್ಲಿ ಬಡವರದು, ಬಲ್ಲಿದರದು ಎಂಬ ಭೇದವುಂಟು. ಅವು ತೋರಿಸುವ ಹೊತ್ತಿನಲ್ಲಿ ಮಾತ್ರ ಆ ಭೇದವಿಲ್ಲ. ಎಚ್.ಎಂ.ಟಿ. ‘ಜನತಾ’ದಲ್ಲಿ ಎಂಟು ಗಂಟೆಯಾದಾಗ ರೋಲೆಕ್ಸಿನಲ್ಲಿಯೂ ಎಂಟೇ. ಹಾಗಿದ್ದ ಮೇಲೆ ಎರಡನೆಯದಕ್ಕೆ ಲಕ್ಷಗಟ್ಟಲೆ ರೂಪಾಯಿ ಏಕೆ? ಇದಕ್ಕೆ ಉತ್ತರವನ್ನು ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಹುಡುಕುವುದಕ್ಕಿಂತ ನಮ್ಮ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ಹುಡುಕುವುದು ಮೇಲೆಂದು ನನ್ನ ಅಭಿಪ್ರಾಯ.

ಮೊದಲು ಬೆಲೆಯುಳ್ಳ ಗಡಿಯಾರಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸೋಣ. ನೀರು ಹೊಗದ ‘ಆಯ್ಸ್ಟರ್’ ಕವಚವನ್ನು ರೋಲೆಕ್ಸ್ ಸಂಸ್ಥೆ 1926ರಲ್ಲಿಯೇ ಹೊರತಂದಿತು. ಕಳಸ, ಮೂಡಿಗೆರೆಗಳ ಜಡಿಮಳೆಯನ್ನು ಕಂಡವರು ಈ ಗುಣವನ್ನು ಹಗುರಾಗಿ ಎಣಿಸಲಾರರು. ಆಷಾಢದಲ್ಲಿ ಗಾಜಿನೊಳಗೆ ಹಬೆ ಕಟ್ಟಿ ಮುಳ್ಳೇ ಕಾಣದಾದ ಅಗ್ಗದ ಗಡಿಯಾರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷೆಯಾದರೋ, ಸರಾಸರಿ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಅಥವಾ ಆರು ಸೆಕೆಂಡು ಮುಂದೆ ಎಂಬುದಕ್ಕಿಂತ ಹೆಚ್ಚಿನ ತಪ್ಪನ್ನು ಸಹಿಸದು. ಅಲ್ಲಿನ ಕುಶಲತೆ ಸುಳ್ಳಲ್ಲ. ಆದರೆ ನಿಖರತೆಯೊಂದೇ ಬೆಲೆಗೆ ಕಾರಣವೆನ್ನುವಂತಿಲ್ಲ. 1969ರಲ್ಲಿ ಜಪಾನಿನ ಸೈಕೋ ಸಂಸ್ಥೆ ಹೊರತಂದ ಕ್ವಾರ್ಟ್ಸ್ ಗಡಿಯಾರದ ಸಂತತಿ ಇಂದು ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ; ನಿಖರತೆಯಲ್ಲಿ ಅದು ಇವೆರಡನ್ನೂ ಮೀರಿಸುತ್ತದೆ.

ಹಾಗಾದರೆ ಗಡಿಯಾರವನ್ನು ಯಾವುದರಿಂದ ಅಳೆಯಬೇಕು? ಅದು ಯಾರಿಗೆ ಏನನ್ನು ಕೊಟ್ಟಿತು ಎಂಬುದರಿಂದ.

ತೋಟಗಳಲ್ಲಿ ಬಹುಕಾಲ ಹೊತ್ತೆಂಬುದು ಒಡೆಯರ ಸೊತ್ತಾಗಿತ್ತು. ಗಂಟೆ ಬಾರಿಸಿದಾಗ ಕೆಲಸ ಮೊದಲು, ಮತ್ತೆ ಬಾರಿಸಿದಾಗ ಮುಕ್ತಾಯ. ಲೈನುಮನೆಯವರಿಗೆ ಸೂರ್ಯನೊಬ್ಬನೇ ಸಾಕ್ಷಿ. ಮಲೆನಾಡಿನ ಮಳೆಗಾಲದಲ್ಲಿ ಆ ಸಾಕ್ಷಿಯೂ ತಲೆಮರೆಸಿಕೊಳ್ಳುತ್ತಿದ್ದ. 1951ರ ತೋಟ ಕಾರ್ಮಿಕರ ಕಾಯಿದೆ ವಯಸ್ಕರ ದುಡಿಮೆಗೆ ವಾರಕ್ಕೆ 54 ಗಂಟೆಗಳ ಮಿತಿ ಹಾಕಿತು. 1981ರ ತಿದ್ದುಪಡಿ ಅದನ್ನು 48ಕ್ಕೆ ಇಳಿಸಿತು. ಒಳ್ಳೆಯದೇ ಆಯಿತು. ಆದರೆ ಗಡಿಯಾರವಿಲ್ಲದವನಿಗೆ ಗಂಟೆಗಳ ಲೆಕ್ಕ ಹೇಳುವ ಕಾಯಿದೆ, ಕುರುಡನ ಕೈಗೆ ಕೊಟ್ಟ ಕನ್ನಡಿಯಂತೆ.

ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಅದರ ‘ಜನತಾ’ ಹೆಸರಿಗೆ ತಕ್ಕ ಗಡಿಯಾರ: ಆಡಂಬರವಿಲ್ಲದ ಮುಖ, ದಿನಕ್ಕೊಮ್ಮೆ ಕೈಯಾರೆ ಕೀಲಿ. ಕೂಲಿಯವನಿಗೆ ಅದೂ ಸುಲಭದ ಬೆಲೆಯದಾಗಿರಲಿಲ್ಲ, ನಿಜ. ಆದರೆ ಲೈನಿನಲ್ಲಿ ಒಬ್ಬನ ಕೈಯಲ್ಲಿದ್ದರೆ ಹತ್ತು ಮನೆಗೆ ಸಾಕು. ಗಂಟೆ ತಡವಾದಾಗ “ರೈಟರೇ, ಹೊತ್ತು ಮೀರಿತಲ್ಲ” ಎನ್ನುವುದಕ್ಕೆ ಧೈರ್ಯವೊಂದೇ ಸಾಲದು, ಪ್ರಮಾಣವೂ ಬೇಕು. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೂ ಆ ಪ್ರಮಾಣಕ್ಕೆ ಊನವಿಲ್ಲ. ದುಬಾರಿ ಗಡಿಯಾರ ತೊಟ್ಟವನ ಅಂತಸ್ತನ್ನು ಹೇಳುತ್ತದೆ. ಅಗ್ಗದ್ದು ಅವನ ಹಕ್ಕನ್ನು ಹೇಳಬಲ್ಲದು. ಆದುದರಿಂದ ನನ್ನ ಮತ ಜನತಾಕ್ಕೆ.

ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಈಗ ಮೊಬೈಲು ಎಲ್ಲರಿಗೂ ಹೊತ್ತು ಹೇಳುವುದರಿಂದ ‘ಜನತಾ’ ಸಂಗ್ರಾಹಕರ ಅಕ್ಕರೆಯ ವಸ್ತುವಾಗಿದೆ. ಅದರ ಕೆಲಸ ಮುಗಿಯಿತೆಂದು ಕೆಲವರು ಹೇಳಿಯಾರು. ನನಗೆ ಹಾಗೆ ತೋರದು. ಇಂದು ಕಾಫಿ ಕೊಯಿಲಿನ ಕೂಲಿ ಎಷ್ಟೋ ಕಡೆ ಗಂಟೆಯ ಲೆಕ್ಕವಲ್ಲ, ಕಿಲೋ ಲೆಕ್ಕ. ದೂರದ ರಾಜ್ಯಗಳಿಂದ ಬಂದವರು ಸಂಜೆ ಮೂಟೆಯನ್ನು ತೂಕಕ್ಕೆ ಹಾಕಿ, ಬರೆದುಕೊಳ್ಳುವವರ ಮುಖ ನೋಡುತ್ತಾ ನಿಲ್ಲುತ್ತಾರೆ. ಆ ತಕ್ಕಡಿಯನ್ನು ಪರೀಕ್ಷಿಸಿ ನೋಡುವ ಸಾಧನ ಅವರ ಕೈಯಲ್ಲಿಲ್ಲ. ಅಳೆಯುವವನಲ್ಲಿಯೂ ಅಳೆಸಿಕೊಳ್ಳುವವನಲ್ಲಿಯೂ ಒಂದೇ ಅಳತೆ ಇದ್ದಾಗಲೇ ಲೆಕ್ಕ ನ್ಯಾಯವಾದೀತು.