ಗೂಬೆ ಮೇಲೂ ಗೂಬೆ ಕೂರಿಸೋದಾ?

ಈ ಸಲ ಸ್ವಲ್ಪ ಜಗಳ ಆಡೋಣ ಅಂತಿದೀನಿ. ಬೇಜಾರು ಮಾಡ್ಕೋಬೇಡಿ.

ಮೊನ್ನೆ ಮಳವಳ್ಳಿ ಹತ್ರದ ನಮ್ಮೂರಿಗೆ ಹೋಗಿದ್ದೆ. ರಾತ್ರಿ ಮುದ್ದೆ ಉಂಡು ಜಗಲಿ ಮೇಲೆ ಕೂತಿದ್ರೆ ತೆಂಗಿನ ತೋಟದಿಂದ 'ಚಿರ್ರ್... ಚಿರ್ರ್...' ಅಂತ ಯಾರೋ ಜಗಳ ಆಡೋ ಥರ ಸದ್ದು. ದೊಡ್ಡವ್ವ ಥಟ್ಟನೆ ಎದ್ದು, "ಲೇ ಮಗ, ಆ ಗೂಬೆನ ಓಡ್ಸ್ಲಾ, ಮನೇಲಿ ಕೂಸೈತೆ" ಅಂದ್ರು. ತಮ್ಮ ಆಗಲೇ ಕಲ್ಲು ಹುಡುಕ್ತಾ ಇದ್ದ.

ತಮಾಷೆ ಏನು ಗೊತ್ತಾ? ಅದು ಹಾಲಕ್ಕಿ! ಹಿಂದಿನ ದಿನ ತಾನೇ ಬುಡಬುಡಿಕೆಯವನು ಬಾಗಿಲಿಗೆ ಬಂದು, ಹಾಲಕ್ಕಿ ಈ ಮನೆಗೆ ಶುಭ ನುಡಿದಿದೆ ಅಂದಾಗ ಇದೇ ದೊಡ್ಡವ್ವ ಮೊರದ ತುಂಬ ಅಕ್ಕಿ ಕೊಟ್ಟಿದ್ರು. ಹಾಲಕ್ಕಿ ಅಂದ್ರೆ ಗೂಬೆ ಜಾತಿಯ ಹಕ್ಕಿ, ಅದರ ದನಿ ಹೀಗೇ ಇರುತ್ತೆ ಅಂತ ಹೇಳಿದೆ. "ಸುಮ್ನಿರಪ್ಪ, ಓದ್ದೋನು ಅಂತ ಏನೇನೋ ಏಳ್ಬ್ಯಾಡ" ಅಂದ್ರು. ಹೆಸರು ಹಾಲಕ್ಕಿ ಅಂದ್ರೆ ಅಕ್ಕಿ, ಗೂಬೆ ಅಂದ್ರೆ ಕಲ್ಲು. ಹಕ್ಕಿ ಮಾತ್ರ ಒಂದೇ.

ನನ್ನ ತಕರಾರು ಇಷ್ಟೇ. ನಮಗೆ ಗೂಬೆ ಕಂಡ್ರೆ ಭಯ ಇರೋದು ಅದನ್ನ ನೋಡಿ ಅಲ್ಲ, ನೋಡದೇ ಇರೋದ್ರಿಂದ. ಯಾರದೋ ತಪ್ಪು ಇನ್ಯಾರದೋ ತಲೆಗೆ ಕಟ್ಟಿದರೆ 'ಗೂಬೆ ಕೂರಿಸಿದ' ಅಂತೀವಲ್ಲ, ಆ ಕೆಲಸವನ್ನ ಮೊದಲು ಮಾಡಿದ್ದೇ ಗೂಬೆ ಮೇಲೆ.

ಇದನ್ನ ಬೇರೆಯವರಿಗೆ ಬುದ್ಧಿ ಹೇಳೋಕೆ ಬರೀತಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತಾತ ಹಾಸಿಗೆ ಹಿಡಿದಿದ್ರು. ಆಲೆಮನೆ ಅಟ್ಟದ ಮೇಲೆ ಬಿಳೀ ಗೂಬೆ ಜೋಡಿ ಮರಿ ಮಾಡಿತ್ತು. ಮರಿಗಳು ಹಾವಿನ ಥರ ಬುಸುಗುಡ್ತಿದ್ವು. 'ಅದು ಇರೋಗಂಟ ತಾತ ಏಳಲ್ಲ' ಅಂತ ಊರವರು ತೀರ್ಮಾನ ಮಾಡಿದ್ರು. ರಚ್ಚು (ಕಬ್ಬಿನ ಸಿಪ್ಪೆ) ಹಾಕಿ ಹೊಗೆ ಎಬ್ಬಿಸಿದ್ರು. ದೊಡ್ಡವೆರಡು ಹಾರಿಹೋದ್ವು. ನಾಲ್ಕು ಮರಿ ಕೆಳಗೆ ಬಿದ್ವು. ಬ್ಯಾಟರಿ ಹಿಡಿದು ಬೆಳಕು ಬಿಡ್ತಾ ನಿಂತಿದ್ದವನು ನಾನು. ಹದಿನೈದು ದಿನಕ್ಕೆ ತಾತನೂ ಹೋದ್ರು. ಗೂಬೆಯಿಂದಲ್ಲ, ನಲವತ್ತು ವರ್ಷ ಸೇದಿದ ಬೀಡಿಯಿಂದ. ಬೀಡಿಗೆ ಯಾರೂ ಹೊಗೆ ಹಾಕಲಿಲ್ಲ.

'ಕಾಯಿಲೆ ಮನೆ ಹತ್ರಾನೇ ಯಾಕೆ ಕೂಗುತ್ತೆ ಹಂಗಾದ್ರೆ?' ಅಂತ ಕೇಳ್ತೀರಿ. ಕಾಯಿಲೆ ಮನೇಲಿ ರಾತ್ರಿಯಿಡೀ ದೀಪ ಉರಿಯುತ್ತೆ. ದೀಪಕ್ಕೆ ಹುಳ ಬರುತ್ತೆ, ಹುಳಕ್ಕೆ ಹಾಲಕ್ಕಿ ಬರುತ್ತೆ. ಅವತ್ತು ನಾವೂ ನಿದ್ದೆ ಇಲ್ಲದೆ ಎದ್ದಿರ್ತೀವಿ, ಕೇಳಿಸುತ್ತೆ. ಮಿಕ್ಕ ದಿನ ಕೂಗಿದ್ದು ನಮ್ಮ ಗೊರಕೆಯಲ್ಲಿ ಮುಳುಗಿ ಹೋಗಿರುತ್ತೆ.

ಹಳ್ಳಿಯವರು ಮೂಢರು ಅಂತ ನಗೋರು ಸ್ವಲ್ಪ ತಡೀರಿ. ಇದೇ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳನ್ನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ನೋಡ್ಕೋತಾರೆ. ಮನೆ ಮುಂದಿನ ಹುಣಸೇಮರದಲ್ಲಿ ಗೂಡು, ಅಂಗಳದ ತುಂಬ ಹಿಕ್ಕೆ, ಮೀನಿನ ನಾತ. ಆದರೂ ಓಡಿಸಲ್ಲ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಅಂತ ಘೋಷಿಸೋಕೆ ಎಷ್ಟೋ ಮೊದಲೇ ಊರು ಕಾಪಾಡಿತ್ತು. ಹಕ್ಕಿ ಜೊತೆ ಬದುಕೋದು ನಮ್ಮವರಿಗೆ ಗೊತ್ತು. ಗೂಬೆಗೆ ಮಾತ್ರ ಆ ತವರು ಸಿಗಲಿಲ್ಲ, ಯಾಕಂದ್ರೆ ಅದು ಕತ್ತಲಲ್ಲಿ ಬರುತ್ತೆ.

ಹಾಗಾದ್ರೆ ಗುರುತು ಹಿಡಿಯೋದು ಹೇಗೆ? ಕಷ್ಟ ಏನಿಲ್ಲ.

ಹಗಲಲ್ಲಿ ಹುಡುಕಿ. ಕಾಜಾಣ, ಕಾಗೆ, ಗೊರವಂಕ ಎಲ್ಲಾ ಸೇರಿ ಒಂದು ಮರದ ಮೇಲೆ ಗಲಾಟೆ ಮಾಡ್ತಿದ್ರೆ ಒಳಗೆ ಗೂಬೆ ಇರಬಹುದು. ಮರದ ಕೆಳಗೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ, ಜೊತೆಗೆ ಕೂದಲು, ಮೂಳೆ ತುಂಬಿದ ಉಂಡೆಗಳಿದ್ರೆ ಅನುಮಾನವೇ ಬೇಡ. ಅರಗದೇ ಇದ್ದದ್ದನ್ನ ಗೂಬೆ ಹಾಗೆ ಉಗುಳುತ್ತೆ. ಒಂದು ಉಂಡೆ ಬಿಡಿಸಿ ನೋಡಿ, ಇಲಿ ತಲೆಬುರುಡೆ ಸಿಗುತ್ತೆ. ನಮ್ಮ ತಮ್ಮನಿಗೆ ಬಿಡಿಸಿ ತೋರಿಸಿದ್ದೇ ತೋರಿಸಿದ್ದು, ಕೈಯಲ್ಲಿದ್ದ ಕಲ್ಲು ಕೆಳಗೆ ಬಿತ್ತು!

ಅಂಗೈ ಮೇಲೆ ಕೂರೋ ಗಾತ್ರ, ಕಂದು ಮೈಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು, ಸಂಜೆ ಕರೆಂಟ್ ತಂತಿ ಮೇಲೆ ಕೂತು ತಲೆ ಕುಣಿಸ್ತಿದ್ರೆ ಹಾಲಕ್ಕಿ. ಹೃದಯದ ಆಕಾರದ ಬಿಳಿ ಮುಖ, ಕಪ್ಪು ಕಣ್ಣು, ಕೀರಲು ದನಿ ಇದ್ರೆ ಕಣಜ ಗೂಬೆ. ಆಲೆಮನೆ, ಪಾಳು ಗುಡಿ, ಹಳೇ ಬಂಗಲೆ ಅದರ ಜಾಗ. ಮೇಲುಕೋಟೆ ಕಡೆಯಂಥ ಬಂಡೆ ಗುಡ್ಡಗಳಲ್ಲಿ ಕಿತ್ತಳೆ ಕಣ್ಣು, ತಲೆ ಮೇಲೆ ಎರಡು ಕೊಂಬಿನಂಥ ಪುಕ್ಕ, ಕಾಲಿನ ತುಂಬ ಗರಿ ಇರೋ ದೊಡ್ಡದು ಕಂಡ್ರೆ ಅದು ಕೊಂಬಿನ ಗೂಬೆ. ಅದಕ್ಕೂ ಮೀನು ಗೂಬೆಗೂ ಗೊಂದಲ ಆಗುತ್ತೆ. ಆಗ ಕಾಲು ನೋಡಿ. ಮೀನು ಗೂಬೆಗೆ ಕಾಲಲ್ಲಿ ಗರಿ ಇಲ್ಲ, ಕಣ್ಣು ಹಳದಿ, ಇರೋದು ನೀರಿನ ಹತ್ರ. ಮುತ್ತತ್ತಿ, ಭೀಮೇಶ್ವರಿ ಕಡೆ ಕಾವೇರಿ ದಡದ ದೊಡ್ಡ ಮರಗಳಲ್ಲಿ ಕೂತು ಮೀನು, ಏಡಿ ಹಿಡಿಯುತ್ತೆ. ನೋಡಿ, ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆ, ನಮ್ಮ ಬಾಯಲ್ಲಿ ಮಾತ್ರ ಎಲ್ಲಾ ಒಂದೇ ಬೈಗುಳ.

ಈಗ ಓದಿದವರ ಸರದಿ. ಕ್ಯಾಮೆರಾ ಮಿತ್ರರೇ, ಕೋಪ ಮಾಡ್ಕೊಳ್ಳಿ ಪರವಾಗಿಲ್ಲ. ಮೊಬೈಲಿನಲ್ಲಿ ಗೂಬೆ ದನಿ ಹಾಕಿ ಅದನ್ನ ಹೊರಗೆ ಕರೆಸೋದು, ಮುಖಕ್ಕೆ ಫ್ಲಾಷ್ ಹೊಡೆಯೋದು, ಗೂಡಿನ ಮುಂದಿನ ಕೊಂಬೆ ಕಡಿಯೋದು, ಆಮೇಲೆ ಮರದ ವಿಳಾಸ ಸಮೇತ ಫೋಟೋ ಹಾಕೋದು... ಇದು ಯಾವ ಪ್ರೀತಿ? ಆ ವಿಳಾಸ ನಿಮ್ಮ ಗೆಳೆಯರು ಮಾತ್ರ ಓದಲ್ಲ. ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ದೇಶದಲ್ಲಿರೋ ಸುಮಾರು 30 ಬಗೆಯ ಗೂಬೆಗಳಲ್ಲಿ 15 ಬಗೆ ಕಳ್ಳಮಾರಾಟದಲ್ಲಿ ಸಿಕ್ಕಿವೆ, ಅದೂ ದೀಪಾವಳಿ ಸಮಯದಲ್ಲಿ ಮಾಟಮಂತ್ರ, ಬಲಿಗೆ ಅಂತ ಹೆಚ್ಚು. ಲಕ್ಷ್ಮಿಯ ವಾಹನವನ್ನೇ ಕೊಂದು ಲಕ್ಷ್ಮಿಯನ್ನ ಕರೆಯೋ ಜನ! 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಅಪರಾಧ ಅನ್ನೋದು ಬೇರೆ ಮಾತು.

ಇನ್ನೊಂದು ವಿಷಯ. ಆಲೆಮನೆಯಿಂದ ಗೂಬೆ ಓಡಿಸಿದವರೇ ಅಂಗಡಿಯಿಂದ ಇಲಿ ಪಾಷಾಣ ತರ್ತಾರೆ. ಬ್ರೊಮಾಡಿಯೋಲೋನ್ ಥರದ ವಿಷ ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ತೂರಾಡ್ಕೊಂಡು ಓಡಾಡುತ್ತೆ. ಗೂಬೆಗೆ ಸುಲಭವಾಗಿ ಸಿಗೋದು ಅದೇ ಇಲಿ. ಹೀಗೆ ಮಿಕ್ಕ ಗೂಬೆನೂ ಹೋಗುತ್ತೆ, ಮುಂದಿನ ಬೆಳೆಗೆ ಇನ್ನಷ್ಟು ಪಾಷಾಣ ಬೇಕಾಗುತ್ತೆ. ಇಸ್ರೇಲಿನ ರೈತರು 1980ರ ದಶಕದಿಂದ ಹೊಲದಲ್ಲಿ ಕಣಜ ಗೂಬೆಗೆ ಅಂತಲೇ ಮರದ ಪೆಟ್ಟಿಗೆ ಕಟ್ತಾ ಬಂದ್ರು, ಆಮೇಲೆ ಪಕ್ಕದ ಜೋರ್ಡಾನಿನವರೂ ಕೈ ಜೋಡಿಸಿದ್ರು. ಗಡಿ ಜಗಳ ಇದ್ದವರೇ ಗೂಬೆ ವಿಷಯಕ್ಕೆ ಒಂದಾದ್ರು. ನಮಗೆ ಪೆಟ್ಟಿಗೆನೂ ಬೇಕಿಲ್ಲ, ಪುಕ್ಕಟೆ ಅಟ್ಟ ಇದೆ. ಹೊಗೆ ಹಾಕದೇ ಇದ್ರೆ ಸಾಕು.

ಕೊನೇದಾಗಿ ಒಂದು ಕೆಲಸ. ಈ ಸಲ ಊರಿಗೆ ಹೋದಾಗ ರಾತ್ರಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ. ಯಾವ ಗೂಬೆ, ಅದಕ್ಕೆ ನಿಮ್ಮೂರಲ್ಲಿ ಏನಂತಾರೆ ಅಂತ ಬರೀರಿ. ಮರ ಯಾವುದು ಅಂತ ಮಾತ್ರ ಬರೀಬೇಡಿ.

ನಮ್ಮ ಆಲೆಮನೆ ಈಗ ಪಾಳು ಬಿದ್ದಿದೆ. ಅಟ್ಟ ಇನ್ನೂ ಗಟ್ಟಿಯಾಗಿದೆ. ಮೊನ್ನೆ ಹತ್ತಿ ನೋಡಿದೆ, ಬರೀ ಜೇಡರ ಬಲೆ. ಬಾಗಿಲ ಮೇಲಿನ ಕಿಂಡಿಗೆ ತಮ್ಮ ತಗಡು ಹೊಡೆದಿದ್ದ, ಕಿತ್ತು ಬಂದಿದೀನಿ.